ಇಟಲಿಯ ಗಾಥಿಕ್: ಗೋಡೆ ಬಿಟ್ಟುಕೊಡದ ಮೇಸ್ತ್ರಿಗಳು

ಫ್ಲಾರೆನ್ಸಿನ ದೊಡ್ಡ ಕಥೀಡ್ರಲ್ ಒಳಗೆ ನಿಂತು ತಲೆ ಎತ್ತಿದರೆ ಒಂದು ವಿಚಿತ್ರ ಕಾಣುತ್ತದೆ. ಕಮಾನುಗಳ ಬುಡದಲ್ಲಿ, ಈ ಬದಿಯಿಂದ ಆ ಬದಿಗೆ, ಕಬ್ಬಿಣದ ಸರಳುಗಳು ಅಡ್ಡ ಹಾದಿವೆ. ಅವುಗಳಿಗೆ ಅಲಂಕಾರವಿಲ್ಲ, ಮರೆಮಾಡುವ ಪ್ರಯತ್ನವೂ ಇಲ್ಲ. ಯಾರೋ ರಿಪೇರಿಗೆಂದು ಹಾಕಿ ತೆಗೆಯಲು ಮರೆತರೇನೋ ಅನ್ನಿಸುತ್ತದೆ. ಆದರೆ ಹಾಕಿದವರು 14ನೇ ಶತಮಾನದವರೇ. ಇಟಲಿಯ ಗಾಥಿಕ್ ಕಟ್ಟಡಗಳು ಯಾಕೆ ಹಾಗಿವೆ ಎಂದು ತಿಳಿಯಲು ಈ ಸರಳಿನಿಂದ ಶುರು ಮಾಡುವುದೇ ಸುಲಭ.

ಗಾಥಿಕ್ ಎಂಬ ಮಧ್ಯಯುಗದ ಯುರೋಪಿನ ಕಟ್ಟಡ ಶೈಲಿಯ ಹೆಸರು ಕೇಳಿದ ಕೂಡಲೇ ನಮ್ಮ ಕಣ್ಣಮುಂದೆ ಬರುವ ಚಿತ್ರವೇ ಬೇರೆ, ಅಲ್ವಾ? ಮೈಸೂರಿನ ಸಂತ ಫಿಲೋಮಿನಾ ಚರ್ಚ್ ನೋಡಿದವರಿಗೆ ಅದು ಗೊತ್ತು. ಎರಡು ಚೂಪು ಗೋಪುರ, ಉದ್ದುದ್ದ ಕಿಟಕಿ, ಬಣ್ಣದ ಗಾಜು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಆ ಚರ್ಚಿಗೆ ಮಾದರಿ ಜರ್ಮನಿಯ ಕಲೋನ್ ಕಥೀಡ್ರಲ್. ಅಂದರೆ ನಮಗೆ ರೂಢಿಯಾಗಿರುವುದು ಆಲ್ಪ್ಸ್ ಪರ್ವತದ ಉತ್ತರದ ಗಾಥಿಕ್. ಅದೇ ಕಣ್ಣಿಟ್ಟುಕೊಂಡು 13, 14ನೇ ಶತಮಾನದ ಇಟಲಿಯ ಚರ್ಚುಗಳಿಗೆ ಹೋದರೆ ಸ್ವಲ್ಪ ನಿರಾಸೆಯಾಗುತ್ತದೆ. ಅಗಲವಾದ ಸಪಾಟು ಗೋಡೆ, ಚಿಕ್ಕ ಕಿಟಕಿ, ಎಷ್ಟೋ ಕಡೆ ಮೇಲೆ ಬರೀ ಮರದ ಸೂರು. ಇವರಿಗೆ ಗಾಥಿಕ್ ಸರಿಯಾಗಿ ತಲೆಗೆ ಹತ್ತಲೇ ಇಲ್ಲ ಎಂದು ತೀರ್ಪು ಕೊಟ್ಟ ವಿಮರ್ಶಕರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವರಿಗೆ ಚೆನ್ನಾಗಿಯೇ ಅರ್ಥವಾಗಿತ್ತು. ಬೇಕಾದದ್ದನ್ನು ಇಟ್ಟುಕೊಂಡರು, ಬೇಡವಾದದ್ದನ್ನು ಬಿಟ್ಟರು. ಬಿಟ್ಟುಕೊಡಲು ಸುತರಾಂ ಒಪ್ಪದ ಒಂದು ವಸ್ತುವಿತ್ತು: ಗೋಡೆ.

ಕಮಾನು ಪಕ್ಕಕ್ಕೆ ಒದೆಯುತ್ತದೆ

ಮೊದಲು ಸ್ವಲ್ಪ ಲೆಕ್ಕಾಚಾರ. ಕಂಬದ ಮೇಲೆ ತೊಲೆ ಇಟ್ಟರೆ ಭಾರ ನೇರವಾಗಿ ಕೆಳಗಿಳಿಯುತ್ತದೆ. ಕಮಾನು ಹಾಗಲ್ಲ. ಅದರ ಭಾರ ಕೆಳಗೂ ಇಳಿಯುತ್ತದೆ, ಪಕ್ಕಕ್ಕೂ ಒದೆಯುತ್ತದೆ. ಪೇಂಟ್ ಮಾಡುವವರ ಜೋಡಿ ಏಣಿಯನ್ನು ನೆನಪಿಸಿಕೊಳ್ಳಿ. ನುಣುಪಾದ ನೆಲದ ಮೇಲೆ ನಿಲ್ಲಿಸಿ ಹತ್ತಿದರೆ ಅದರ ಕಾಲುಗಳು ಅತ್ತಿತ್ತ ಜಾರಲು ನೋಡುತ್ತವೆ. ತಡೆಯಲು ಎರಡು ದಾರಿ. ಕಾಲುಗಳಿಗೆ ಹೊರಗಡೆಯಿಂದ ಏನಾದರೂ ಅಡ್ಡ ಕೊಡಬೇಕು, ಇಲ್ಲವೇ ಎರಡೂ ಕಾಲನ್ನು ಒಳಗಡೆ ಹಗ್ಗ ಕಟ್ಟಿ ಬಿಗಿಯಬೇಕು.

ಫ್ರಾನ್ಸಿನವರು ಮೊದಲ ದಾರಿ ಹಿಡಿದರು. 1140ರ ದಶಕದಲ್ಲಿ ಪ್ಯಾರಿಸ್ ಹತ್ತಿರದ ಸೇನ್ ದೆನಿ ಮಠದ ಚರ್ಚನ್ನು ಅಲ್ಲಿನ ಮಠಾಧಿಪತಿ ಸ್ಯುಜೇರ್ ಹೊಸದಾಗಿ ಕಟ್ಟಿಸಿದ. ಗಾಥಿಕ್ ಶುರುವಾದದ್ದು ಅಲ್ಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅರ್ಧವೃತ್ತದ ಕಮಾನಿಗೆ ಅಗಲ ಗೊತ್ತಾದರೆ ಎತ್ತರವೂ ಗೊತ್ತಾದಂತೆ. ಚೂಪು ಕಮಾನಿಗೆ ಆ ಕಟ್ಟುಪಾಡಿಲ್ಲ. ಅಗಲ ಎಷ್ಟೇ ಇರಲಿ, ಎತ್ತರವನ್ನು ಬೇಕಾದಂತೆ ಏರಿಸಬಹುದು. ಪಕ್ಕದ ಒದೆತವೂ ಕಡಿಮೆ. ಇಂಥ ಕಮಾನುಗಳ ನಡುವೆ, ಮೂಲೆಯಿಂದ ಮೂಲೆಗೆ ಕಲ್ಲಿನ ಪಟ್ಟಿಗಳನ್ನು ಹಾಯಿಸಿ, ಉಳಿದ ಜಾಗವನ್ನು ತೆಳುವಾಗಿ ತುಂಬಿದರೆ ಚಾವಣಿಯ ಭಾರವೆಲ್ಲ ನಾಲ್ಕು ಮೂಲೆಯ ಕಂಬಗಳಿಗೆ ಬಂದು ಸೇರುತ್ತದೆ. ಆ ಕಂಬಗಳನ್ನು ಹೊರಗಿನಿಂದ ಅರ್ಧ ಕಮಾನುಗಳು ಒತ್ತಿ ಹಿಡಿಯುತ್ತವೆ. ಇವೇ ಫ್ಲೈಯಿಂಗ್ ಬಟ್ರೆಸ್. ಈಗ ಕಂಬಗಳ ನಡುವಿನ ಗೋಡೆಗೆ ಹೊರುವ ಕೆಲಸವೇ ಉಳಿಯಲಿಲ್ಲ. ಅದನ್ನು ತೆಗೆದು ಗಾಜು ಕೂರಿಸಬಹುದು.

ಕೂರಿಸಿದರು ಕೂಡ. 1248ರಲ್ಲಿ ಪ್ಯಾರಿಸ್ಸಿನಲ್ಲಿ ಮುಗಿದ ಸೇಂತ್ ಶಪೆಲ್ ಒಳಗೆ ಹೋದರೆ ಮೇಲಿನ ಅಂತಸ್ತಿನಲ್ಲಿ ಗೋಡೆ ಎಲ್ಲಿದೆ ಎಂದು ಹುಡುಕಬೇಕು. ಎತ್ತರದ ಹುಚ್ಚೂ ಹತ್ತಿತು. ಬೋವೆ ಎಂಬ ಊರಿನಲ್ಲಿ ಸುಮಾರು 48 ಮೀಟರ್ ಎತ್ತರಕ್ಕೆ ಕಟ್ಟಿದ ಕಲ್ಲಿನ ಚಾವಣಿಯ ಒಂದು ಭಾಗ 1284ರಲ್ಲಿ ಕುಸಿದುಬಿತ್ತು.

ಇಟಲಿಯವರು ಎರಡನೆಯ ದಾರಿ ಹಿಡಿದರು. ಹಗ್ಗದ ಬದಲು ಕಬ್ಬಿಣದ ಸರಳು. ವೆನಿಸ್‌ನಲ್ಲಾದರೆ ಮರದ ತೊಲೆ. ಕಬ್ಬಿಣವನ್ನು ಉತ್ತರದವರೂ ಬಳಸುತ್ತಿದ್ದರು, ಆದರೆ ಆದಷ್ಟು ಮರೆಯಲ್ಲಿ. ಇಟಲಿಯವರಿಗೆ ಅದು ಕಂಡರೆ ಏನೂ ಬೇಜಾರಿರಲಿಲ್ಲ. ಕಟ್ಟಡದ ಸುತ್ತ ಕಲ್ಲಿನ ಆಸರೆಗಳ ಕಾಡು ಬೆಳೆಸುವುದಕ್ಕಿಂತ ಒಳಗೆ ನಾಲ್ಕು ಸರಳು ಕಂಡರೆ ಕಾಣಲಿ ಎಂಬ ಲೆಕ್ಕ.

ಪ್ರವಚನಕ್ಕೆ ಜಾಗ, ಚಿತ್ರಕ್ಕೆ ಗೋಡೆ

ಫ್ರಾನ್ಸಿನ ಈ ಹೊಸ ಪದ್ಧತಿ ಇಟಲಿಗೆ ಬಂದದ್ದು ಸಿಸ್ಟರ್ಷಿಯನ್ ಸನ್ಯಾಸಿಗಳ ಜೊತೆ. ರೋಮಿನ ದಕ್ಷಿಣಕ್ಕಿರುವ ಫೊಸ್ಸಾನೋವ ಮಠದ ಚರ್ಚ್ 1208ರಲ್ಲಿ ಮುಗಿಯಿತು. ಆಡಂಬರವಿಲ್ಲದ, ನೆಟ್ಟಗಿನ ಕಟ್ಟಡ ಅದು. ಆದರೆ ಇಟಲಿಯ ಗಾಥಿಕ್‌ಗೆ ಅದರದೇ ಆದ ರೂಪ ಕೊಟ್ಟವರು ಬೇರೆಯವರು. ಊರೂರು ತಿರುಗಿ, ಭಿಕ್ಷೆ ಎತ್ತಿ, ಜನರ ಭಾಷೆಯಲ್ಲೇ ಪ್ರವಚನ ಮಾಡುತ್ತಿದ್ದ ಫ್ರಾನ್ಸಿಸ್ಕನ್ ಮತ್ತು ಡೊಮಿನಿಕನ್ ಸನ್ಯಾಸಿಗಳು.

ಇವರಿಗೆ ಬೇಕಾಗಿದ್ದದ್ದು ಸಾವಿರಾರು ಜನ ನಿಂತು ಮಾತು ಕೇಳುವಂಥ ಜಾಗ. ನಡುವೆ ಕಂಬಗಳ ಗುಂಪು ಅಡ್ಡ ಬರಬಾರದು. ಖರ್ಚೂ ಜಾಸ್ತಿ ಆಗಬಾರದು. 1260ರಲ್ಲಿ ನಾರ್ಬನ್ ಪಟ್ಟಣದಲ್ಲಿ ಸೇರಿದ ಫ್ರಾನ್ಸಿಸ್ಕನ್ನರ ಮಹಾಸಭೆ ಈ ಬಗ್ಗೆ ನಿಯಮವನ್ನೇ ಮಾಡಿತು. ಬಲಿಪೀಠವಿರುವ ಭಾಗ ಬಿಟ್ಟು ಬೇರೆಲ್ಲೂ ಕಲ್ಲಿನ ಕಮಾನು ಚಾವಣಿ ಕೂಡದು. ಗಂಟೆ ಗೋಪುರ ಕೂಡದು. ಚಿತ್ರಗಳಿರುವ ಬಣ್ಣದ ಗಾಜು ಬಲಿಪೀಠದ ಹಿಂದಿನ ಮುಖ್ಯ ಕಿಟಕಿಗೆ ಮಾತ್ರ.

ಈ ನಿಯಮದ ಪರಿಣಾಮವನ್ನು ಗಮನಿಸಿ. ಕಲ್ಲಿನ ಚಾವಣಿ ಇಲ್ಲದಿದ್ದರೆ ಪಕ್ಕದ ಒದೆತವೂ ಇಲ್ಲ. ಮರದ ಸೂರಿನ ಭಾರ ನೇರ ಕೆಳಗೆ ಬರುತ್ತದೆ. ಆಗ ಹೊರಗಡೆ ಆಸರೆ ಬೇಕಿಲ್ಲ, ಕಂಬಗಳನ್ನು ದೂರದೂರ ಇಡಬಹುದು, ಗೋಡೆ ತೆಳುವಾಗಿದ್ದರೂ ನಡೆಯುತ್ತದೆ. ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚ್ ಇದಕ್ಕೆ ಒಳ್ಳೆಯ ಉದಾಹರಣೆ. 1290ರ ದಶಕದ ಮಧ್ಯದಲ್ಲಿ ಶುರುವಾದ ಅದರ ನಕ್ಷೆ ಅರ್ನೋಲ್ಫೊ ದಿ ಕಾಂಬಿಯೊನದು ಎಂದು ನಂಬಿಕೆ. ಒಳಗೆ ಚೂಪು ಕಮಾನುಗಳಿವೆ, ಗಾಥಿಕ್ ಕಿಟಕಿಗಳಿವೆ. ಮೇಲೆ ನೋಡಿದರೆ ಬಣ್ಣ ಹಚ್ಚಿದ ಮರದ ಸೂರು.

ಬಡತನದ ವ್ರತ ತೊಟ್ಟವರ ಚರ್ಚ್ ಇಷ್ಟು ದೊಡ್ಡದು ಯಾಕೆ ಎಂದು ಕೇಳಬಹುದು. ಆಗಿನವರೂ ಕೇಳಿದ್ದರು. ದುಡ್ಡು ಬಂದದ್ದು ಬಾರ್ದಿ, ಪೆರುತ್ಸಿಯಂಥ ಲೇವಾದೇವಿ ಮನೆತನಗಳಿಂದ. ಬಡ್ಡಿ ವ್ಯವಹಾರ ಪಾಪ ಎಂದು ಚರ್ಚ್ ಹೇಳುತ್ತಿದ್ದ ಕಾಲ. ಆ ಮನೆತನಗಳು ಬಲಿಪೀಠದ ಪಕ್ಕದ ಪ್ರಾರ್ಥನಾ ಕೋಣೆಗಳನ್ನು ತಮ್ಮ ಹೆಸರಿಗೆ ಪಡೆದು ಜೊತ್ತೊನಿಂದ ಚಿತ್ರ ಬರೆಸಿದರು. 1340ರ ದಶಕದಲ್ಲಿ ಎರಡೂ ಬ್ಯಾಂಕು ದಿವಾಳಿಯಾದವು. ಚಿತ್ರಗಳು ಉಳಿದವು.

ಗೋಡೆ ಯಾಕೆ ಬೇಕಾಗಿತ್ತು ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ. ಉತ್ತರದವರು ಬೈಬಲ್ ಕಥೆಯನ್ನು ಗಾಜಿನಲ್ಲಿ ಹೇಳಿದರು. ಇಟಲಿಯವರು ಹಸಿ ಗಾರೆಯ ಮೇಲೆ ಹೇಳಿದರು. ಸುಣ್ಣದ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಿದರೆ ಬಣ್ಣ ಗಾರೆಯೊಳಗೇ ಸೇರಿಕೊಳ್ಳುತ್ತದೆ. ಒಂದು ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟೇ ಗಾರೆ ಮೆತ್ತಬೇಕು. ಇದಕ್ಕೆ ಬೇಕಾದದ್ದು ದೊಡ್ಡ, ಸಪಾಟಾದ, ಒಣಗಿದ ಗೋಡೆ. ಅಸ್ಸೀಸಿಯಲ್ಲಿ ಸಂತ ಫ್ರಾನ್ಸಿಸ್‌ನ ಸಮಾಧಿಯ ಮೇಲೆ 1228ರಲ್ಲಿ ಶುರು ಮಾಡಿ 1253ರಲ್ಲಿ ಪವಿತ್ರೀಕರಿಸಿದ ಎರಡಂತಸ್ತಿನ ಚರ್ಚ್ ನೋಡಿ. ಮೇಲಿನ ಚರ್ಚಿಗೆ ಕಲ್ಲಿನ ಪಟ್ಟಿಗಳ ಕಮಾನು ಚಾವಣಿಯೇ ಇದೆ. ಆದರೆ ಕಿಟಕಿಯ ಕೆಳಗೆ ಉದ್ದಕ್ಕೂ ಗೋಡೆ, ಗೋಡೆಯ ತುಂಬ ಫ್ರಾನ್ಸಿಸ್‌ನ ಬದುಕಿನ ಚಿತ್ರಗಳು. 1997ರ ಭೂಕಂಪದಲ್ಲಿ ಆ ಚಾವಣಿಯ ಭಾಗ ಕುಸಿದು ನಾಲ್ವರು ಸತ್ತರು. ಚೂರುಚೂರಾದ ಚಿತ್ರಗಳನ್ನು ತುಣುಕು ತುಣುಕಾಗಿ ಜೋಡಿಸುವ ಕೆಲಸ ವರ್ಷಗಟ್ಟಲೆ ನಡೆಯಿತು.

ಇನ್ನೊಂದು ಸರಳ ಕಾರಣ ಬಿಸಿಲು. ಉತ್ತರದ ಮಂಕು ಬೆಳಕಿಗೆ ದೊಡ್ಡ ಕಿಟಕಿ ಬೇಕು. ಇಟಲಿಯ ಬೇಸಿಗೆಗೆ ಬೇಕಾದದ್ದು ನೆರಳು.

ಮುಂಭಾಗಕ್ಕೆ ಮಾತ್ರ ಯಾವ ಜಿಪುಣತನವೂ ಇಲ್ಲ. ಓರ್ವಿಯೆತೊ ಕಥೀಡ್ರಲ್‌ಗೆ 1290ರಲ್ಲಿ ಪೋಪ್ ನಾಲ್ಕನೇ ನಿಕೋಲಸ್ ಅಡಿಗಲ್ಲು ಇಟ್ಟ. 1310ರಿಂದ ಲೊರೆಂತ್ಸೊ ಮೈತಾನಿ ಕೆಲಸ ನೋಡಿಕೊಂಡ. ಅದರ ಮುಂಭಾಗ ಚೂಪು ತ್ರಿಕೋನಗಳಿಂದ, ಕೆತ್ತನೆಯಿಂದ, ಬಂಗಾರದ ಮೊಸಾಯಿಕ್‌ನಿಂದ ಜಗಮಗಿಸುತ್ತದೆ. ಪಕ್ಕಕ್ಕೆ ಹೋಗಿ ನೋಡಿದರೆ ಕಪ್ಪು ಬಿಳಿ ಪಟ್ಟೆಗಳ ಸಾದಾ ಗೋಡೆ. ಮುಂಭಾಗ ತನ್ನ ಹಿಂದಿರುವ ಚರ್ಚಿಗಿಂತ ಎತ್ತರ. ಒಳಗಿನ ರಚನೆಗೂ ಹೊರಗಿನ ಮುಖಕ್ಕೂ ಸಂಬಂಧ ಇರಲೇಬೇಕು ಎಂಬ ಹಟ ಇಟಲಿಯವರಿಗಿರಲಿಲ್ಲ. ಚೌಕದಲ್ಲಿ ನಿಂತ ಜನಕ್ಕೆ ಕಾಣುವುದು ಮುಖ ತಾನೇ.

ಸಿಯೆನಾ ಕಂಡ ದೊಡ್ಡ ಕನಸು

ಇಟಲಿಯಲ್ಲಿ ಆಗ ಒಬ್ಬ ರಾಜನಿರಲಿಲ್ಲ. ಉತ್ತರ ಮತ್ತು ಮಧ್ಯ ಭಾಗದಲ್ಲಿ ಒಂದೊಂದು ಊರೂ ಒಂದೊಂದು ಸರ್ಕಾರ. ಕಥೀಡ್ರಲ್ ಕಟ್ಟುವುದು ಬಿಷಪ್ಪನ ಕೆಲಸ ಅನ್ನುವುದಕ್ಕಿಂತ ಊರಿನ ಕೆಲಸ. ಫ್ಲಾರೆನ್ಸಿನಲ್ಲಿ 1331ರಿಂದ ಕಥೀಡ್ರಲ್ ಜವಾಬ್ದಾರಿ ಇದ್ದದ್ದು ಉಣ್ಣೆ ವ್ಯಾಪಾರಿಗಳ ಸಂಘದ ಮೇಲೆ. 1367ರಲ್ಲಿ ಅಂತಿಮ ಮಾದರಿಯನ್ನು ಊರಿನವರ ಮುಂದಿಟ್ಟು ಒಪ್ಪಿಗೆ ಪಡೆದರು. ಕಟ್ಟಡ ಊರಿನ ಮಾನದ ಪ್ರಶ್ನೆಯಾದಾಗ ಪಕ್ಕದೂರಿನ ಜೊತೆ ಪೈಪೋಟಿ ಬರದೇ ಇರುತ್ತದೆಯೇ?

ಸಿಯೆನಾದವರಿಗೆ ಆಗಲೇ ಚೆಂದದ ಕಥೀಡ್ರಲ್ ಇತ್ತು. ಅದರ ಮುಂಭಾಗದ ಕೆಳಭಾಗವನ್ನು ಜೊವಾನ್ನಿ ಪಿಸಾನೊ ಕೆತ್ತಿದ್ದ. ಆದರೆ ಫ್ಲಾರೆನ್ಸಿನವರು ಅದಕ್ಕಿಂತ ದೊಡ್ಡದನ್ನು ಕಟ್ಟುತ್ತಿದ್ದರು. 1339ರಲ್ಲಿ ಸಿಯೆನಾದ ಸಭೆ ತೆಗೆದುಕೊಂಡ ತೀರ್ಮಾನ ಈಗಲೂ ದಂಗುಬಡಿಸುತ್ತದೆ. ಇರುವ ಕಥೀಡ್ರಲ್ ಪೂರ್ತಿಯಾಗಿ ಶಿಲುಬೆಯಾಕಾರದ ಹೊಸ ಕಥೀಡ್ರಲ್ಲಿನ ಅಡ್ಡತೋಳು ಮಾತ್ರ ಆಗಬೇಕು! ಜನ ನಿಲ್ಲುವ ಮುಖ್ಯ ಮಂಟಪವನ್ನು ಅದಕ್ಕೆ ಲಂಬವಾಗಿ ಹೊಸದಾಗಿ ಕಟ್ಟಬೇಕು.

ಕೆಲಸ ಶುರುವಾಯಿತು. 1348ರಲ್ಲಿ ಪ್ಲೇಗ್ ಬಂತು. ಊರಿನ ಅರ್ಧದಷ್ಟು ಜನ ಸತ್ತರೆಂದು ಅಂದಾಜು. ಎಲ್ಲವನ್ನೂ ಪ್ಲೇಗಿನ ತಲೆಗೆ ಕಟ್ಟುವುದು ರೂಢಿ. ಆದರೆ ಕಟ್ಟಡದಲ್ಲೇ ದೋಷವಿತ್ತು. ಎತ್ತರದ ಕಲ್ಲಿನ ಚಾವಣಿಗೆ ಕಂಬಗಳು ತೀರಾ ತೆಳುವಾಗಿದ್ದವು. 1357ರ ಹೊತ್ತಿಗೆ ಅಪಾಯದ ಭಾಗಗಳನ್ನು ಕೆಡವಿ ಯೋಜನೆಯನ್ನು ಕೈಬಿಟ್ಟರು. ಆಗ ಎದ್ದಿದ್ದ ಮುಂಭಾಗದ ಗೋಡೆ ಇನ್ನೂ ನಿಂತಿದೆ. ಫಚಾತೋನೆ, ಅಂದರೆ ದೊಡ್ಡ ಮುಖ, ಎಂದು ಅದಕ್ಕೆ ಹೆಸರು. ಹಿಂದೆ ಚರ್ಚಿಲ್ಲದ ಆ ಗೋಡೆಯನ್ನು ಹತ್ತಿ ಪ್ರವಾಸಿಗಳು ಊರು ನೋಡುತ್ತಾರೆ. ಹೊಸ ಮಂಟಪದ ಪಕ್ಕದ ಸಾಲಿನಲ್ಲಿ ಈಗ ಮ್ಯೂಸಿಯಂ ಇದೆ.

ಮಿಲಾನಿನ ಜಗಳ

ಇಟಲಿಯಲ್ಲಿ ಉತ್ತರದ ಗಾಥಿಕ್‌ಗೆ ತೀರಾ ಹತ್ತಿರ ಬಂದ ಕಟ್ಟಡ ಮಿಲಾನ್ ಕಥೀಡ್ರಲ್. ಅದರ ಕಥೆಯೇ ಈ ವಿಷಯದಲ್ಲಿ ಅತ್ಯಂತ ಸ್ವಾರಸ್ಯದ್ದು. ಯಾಕೆಂದರೆ ಇಲ್ಲಿ ಮೇಸ್ತ್ರಿಗಳು ಹೇಗೆ ಯೋಚಿಸುತ್ತಿದ್ದರು ಎಂಬುದು ಸಭೆಗಳ ನಡಾವಳಿಯಲ್ಲೇ ದಾಖಲಾಗಿದೆ.

1386ರಲ್ಲಿ ಕೆಲಸ ಶುರು. ಊರಿನ ಪ್ರಭು ಜಾನ್ ಗಲೆಯಾತ್ಸೊ ವಿಸ್ಕೊಂತಿಗೆ ಇಟಲಿಯ ಉತ್ತರವನ್ನೆಲ್ಲ ಆಳುವ ಆಸೆ. ಮೊದಲು ಇಟ್ಟಿಗೆಯಲ್ಲಿ ಕಟ್ಟುವುದು ಎಂದಿತ್ತು. ಆಮೇಲೆ ಬೇಡ, ಅಮೃತಶಿಲೆಯೇ ಆಗಲಿ ಎಂದಾಯಿತು. ಆಲ್ಪ್ಸ್ ಬುಡದ ಕಂದೋಲಿಯಾ ಎಂಬಲ್ಲಿನ ಕಲ್ಲುಗಣಿಯನ್ನು ಅವನು ಕಥೀಡ್ರಲ್ ಸಂಸ್ಥೆಗೆ ಬಿಟ್ಟುಕೊಟ್ಟ. ಕಲ್ಲು ತೊಚೆ ನದಿಯಲ್ಲಿ ಇಳಿದು, ಮಜ್ಜೋರೆ ಸರೋವರ ದಾಟಿ, ತಿಚಿನೊ ನದಿ ಸೇರಿ, ನವಿಲ್ಯೊ ಗ್ರಾಂದೆ ಎಂಬ ಕಾಲುವೆಯಲ್ಲಿ ದೋಣಿ ಮೇಲೆ ಮಿಲಾನಿಗೆ ಬರುತ್ತಿತ್ತು. ಅದಕ್ಕೆ ಸುಂಕವಿರಲಿಲ್ಲ. ಸುಂಕದವರಿಗೆ ಗುರುತು ಸಿಗಲೆಂದು ‘ಕಥೀಡ್ರಲ್ ಕೆಲಸಕ್ಕೆ’ ಎಂಬರ್ಥದ ಲ್ಯಾಟಿನ್ ಮಾತಿನ ಮೊದಲಕ್ಷರಗಳನ್ನು ಹಾಕುತ್ತಿದ್ದರು. ಇವತ್ತಿಗೂ ರಿಪೇರಿಗೆ ಅದೇ ಗಣಿಯ ಕಲ್ಲು ಬರುತ್ತದೆ.

ಸ್ಥಳೀಯ ಮೇಸ್ತ್ರಿಗಳಿಗೆ ಕಲ್ಲಿನ ಕೆಲಸ ರಕ್ತದಲ್ಲೇ ಇತ್ತು. ಆದರೆ ಇಷ್ಟು ದೊಡ್ಡ ಗಾಥಿಕ್ ಕಟ್ಟಿದ ಅನುಭವ ಇರಲಿಲ್ಲ. ಕಂಬಗಳು ಮೇಲೇಳುತ್ತಿದ್ದಂತೆ ಪ್ರಶ್ನೆ ಬಂತು: ಚರ್ಚ್ ಎಷ್ಟು ಎತ್ತರ ಇರಬೇಕು? ಅಗಲ ಆಗಲೇ ಗೊತ್ತಾಗಿಹೋಗಿತ್ತು, ಮಿಲಾನಿನ ಅಳತೆಯಲ್ಲಿ 96 ಬ್ರಾಚ್ಚೊ. ಒಂದು ಬ್ರಾಚ್ಚೊ ಎಂದರೆ ಸುಮಾರು 60 ಸೆಂಟಿಮೀಟರ್. ಅಂದರೆ ಅಗಲ ಸುಮಾರು 57 ಮೀಟರ್.

ಇಂದಿನ ಎಂಜಿನಿಯರ್ ಆದರೆ ಭಾರ, ಒತ್ತಡ ಲೆಕ್ಕ ಹಾಕುತ್ತಾನೆ. ಆಗ ಆ ಗಣಿತವೇ ಹುಟ್ಟಿರಲಿಲ್ಲ. ಬಲವನ್ನು ಅಳೆಯುವ ಬದಲು ಆಕಾರವನ್ನು ನಂಬುತ್ತಿದ್ದರು. ಕಟ್ಟಡದ ಅಡ್ಡಸೀಳಿಕೆ ಒಂದು ಚೌಕದೊಳಗೋ ತ್ರಿಕೋನದೊಳಗೋ ಕೂತರೆ ಅದು ನಿಲ್ಲುತ್ತದೆ, ಚೆಂದವೂ ಕಾಣುತ್ತದೆ ಎಂಬ ಭರವಸೆ. ಚೌಕ ಹಿಡಿದರೆ ಎತ್ತರವೂ 96. ಸಮಬಾಹು ತ್ರಿಕೋನ ಹಿಡಿದರೆ 83 ಮತ್ತು ಚಿಲ್ಲರೆ. ಈ ಚಿಲ್ಲರೆಯೇ ತಲೆನೋವು. ಸಮಬಾಹು ತ್ರಿಕೋನದ ಎತ್ತರ ಪೂರ್ಣಸಂಖ್ಯೆಯಲ್ಲಿ ಸಿಗುವುದೇ ಇಲ್ಲ. ಕೋಲು ಹಿಡಿದು ಅಳೆಯುವ ಮೇಸ್ತ್ರಿ ಏನು ಮಾಡಬೇಕು? 1391ರಲ್ಲಿ ಪಿಯಾಚೆನ್ಸಾದಿಂದ ಗಾಬ್ರಿಯೆಲೆ ಸ್ಟೊರ್ನಾಲೊಕೊ ಎಂಬ ಗಣಿತಜ್ಞನನ್ನು ಕರೆಸಿದರು. ಅವನು 84 ಎಂದು ಹಿಡಿಯಿರಿ, 14ರಂತೆ ಆರು ಭಾಗ ಮಾಡಿ ಎಂದ. ಕೆಲಸಕ್ಕೆ ಬರುವ ಉತ್ತರ.

ಅಷ್ಟರಲ್ಲಿ ಜರ್ಮನಿಯಿಂದ ಬಂದ ಹೈನ್ರಿಷ್ ಪಾರ್ಲರ್ ಚೌಕದ ಲೆಕ್ಕವೇ ಸರಿ, ಇನ್ನೂ ಎತ್ತರ ಏರಿಸಿ ಎಂದು ಹಟ ಹಿಡಿದ. 1392ರ ಸಭೆ ಅವನ ಮಾತನ್ನು ತಳ್ಳಿಹಾಕಿತು. ಅಷ್ಟೇ ಅಲ್ಲ, ಸ್ಟೊರ್ನಾಲೊಕೊನ ಎತ್ತರವನ್ನೂ ಇಳಿಸಿತು. ಕೆಳಗಿನ 28 ಬ್ರಾಚ್ಚೊ ತನಕ ಹಳೆಯ ಲೆಕ್ಕ. ಅಲ್ಲಿಂದ ಮೇಲೆ, ಬದಿಗಳು 3-4-5ರ ಪ್ರಮಾಣದಲ್ಲಿರುವ ತ್ರಿಕೋನದ ಲೆಕ್ಕ. ಒಟ್ಟು 76, ಅಂದರೆ ಸುಮಾರು 45 ಮೀಟರ್. ಮಿಲಾನ್ ಕಥೀಡ್ರಲ್ ಅಷ್ಟು ದೊಡ್ಡದಾದರೂ ಒಳಗೆ ಅಗಲವಾಗಿ ಹರಡಿಕೊಂಡಂತೆ ಕಾಣುವುದು ಈ ತೀರ್ಮಾನದಿಂದ.

ನಿಜವಾದ ರಂಪ ಆದದ್ದು 1399ರಲ್ಲಿ ಪ್ಯಾರಿಸ್ಸಿನಿಂದ ಝಾನ್ ಮಿನ್ಯೊ ಬಂದ ಮೇಲೆ. ಅವನು ಎಲ್ಲವನ್ನೂ ನೋಡಿ ದೋಷಗಳ ಉದ್ದ ಪಟ್ಟಿ ಮಾಡಿದ. ಮುಖ್ಯ ಆರೋಪ: ಹೊರಗಿನ ಆಸರೆಗಳು ಸಾಲವು, ಕಟ್ಟಡ ಬೀಳುತ್ತದೆ. ಆಸರೆ ಒಳಗಿನ ಕಂಬದ ಮೂರರಷ್ಟು ದಪ್ಪ ಇರಬೇಕು, ಇಲ್ಲಿ ಒಂದೂವರೆಯಷ್ಟೇ ಇದೆ. ಸ್ಥಳೀಯರ ಉತ್ತರ ಕೇಳಿ. ನಮ್ಮ ಕಲ್ಲು ಫ್ರಾನ್ಸಿನ ಕಲ್ಲಿಗಿಂತ ಎರಡು ಪಟ್ಟು ಗಟ್ಟಿ, ಹಾಗಾಗಿ ಒಂದೂವರೆ ಸಾಕು. ಮೇಲಾಗಿ ಕಂಬಗಳನ್ನು ಕಬ್ಬಿಣದ ಸರಳಿನಿಂದ ಬಿಗಿಯುತ್ತೇವೆ. ಇಲ್ಲಿಯವರೆಗೆ ವಾದ ಪರವಾಗಿಲ್ಲ. ಆಮೇಲೆ, ಚೂಪು ಕಮಾನು ಪಕ್ಕಕ್ಕೆ ಒದೆಯುವುದೇ ಇಲ್ಲ ಎಂದುಬಿಟ್ಟರು. ಇದು ಶುದ್ಧ ತಪ್ಪು. ನಡುವಿನ ಎತ್ತರದ ಭಾಗದ ಸುತ್ತ ನಾಲ್ಕು ಗೋಪುರ ಯಾಕೆ ಎಂದರೆ, ಸ್ವರ್ಗದಲ್ಲಿ ದೇವರ ಸಿಂಹಾಸನದ ಸುತ್ತ ಯೇಸುವಿನ ಕಥೆ ಬರೆದ ನಾಲ್ವರು ಸುವಾರ್ತೆಗಾರರಿದ್ದಾರಲ್ಲ, ಅದಕ್ಕೆ ಎಂದರು. ಮಿನ್ಯೊನ ಮುಖ ಹೇಗಾಗಿರಬಹುದು!

ಶಾಸ್ತ್ರ ಬೇರೆ, ಕೈಕೆಲಸ ಬೇರೆ ಎಂದು ಮಿಲಾನಿನವರು ವಾದಿಸಿದರು. ಶಾಸ್ತ್ರವಿಲ್ಲದ ಕೈಕೆಲಸಕ್ಕೆ ಬೆಲೆಯೇ ಇಲ್ಲ ಎಂದು ಮಿನ್ಯೊ ತಿರುಗೇಟು ಕೊಟ್ಟ. 1401ರಲ್ಲಿ ಅವನನ್ನು ಕೆಲಸದಿಂದ ತೆಗೆದರು. ಕಥೀಡ್ರಲ್ ಬೀಳಲಿಲ್ಲ, ಈಗಲೂ ನಿಂತಿದೆ. ಹಾಗಾದರೆ ಸ್ಥಳೀಯರು ಗೆದ್ದರೇ? ಈ ಪ್ರಶ್ನೆಗೆ ನನ್ನ ಉತ್ತರ ಹೀಗೆ: ಅವರ ವಾದ ಸೋತಿತು, ಅವರ ಸರಳು ಗೆದ್ದಿತು. ಮಿನ್ಯೊನ ಮೂರು ಪಟ್ಟಿನ ಸೂತ್ರವೂ ಲೆಕ್ಕ ಹಾಕಿ ಬಂದದ್ದಲ್ಲ, ಫ್ರಾನ್ಸಿನ ರೂಢಿಯಿಂದ ಬಂದದ್ದು. ಇಬ್ಬರೂ ಅನುಭವವನ್ನೇ ಶಾಸ್ತ್ರ ಎಂದು ಕರೆಯುತ್ತಿದ್ದರು.

ಮಿಲಾನಿನ ಮುಂಭಾಗ ಮುಗಿದದ್ದು ನೆಪೋಲಿಯನ್ ಕಾಲದಲ್ಲಿ. ಬೊಲೊನ್ಯಾದಲ್ಲಿ ಊರಿನವರೇ 1390ರಲ್ಲಿ ಶುರು ಮಾಡಿದ ಸಾನ್ ಪೆತ್ರೊನಿಯೊ ಚರ್ಚಿನ ಮುಂಭಾಗವಂತೂ ಇನ್ನೂ ಮುಗಿದಿಲ್ಲ. ಕೆಳಗೆ ಅಮೃತಶಿಲೆ, ಮೇಲೆ ಬರೀ ಇಟ್ಟಿಗೆ. ಅಲ್ಲೂ ಎತ್ತರದ ಜಗಳವಿತ್ತು. ಚಾವಣಿ ಸಮಬಾಹು ತ್ರಿಕೋನದ ಎತ್ತರಕ್ಕೆ ಏರಲೇಬೇಕು ಎಂದು 1580ರ ದಶಕದ ಕೊನೆಯಲ್ಲಿ ಗಲಾಟೆ ಎಬ್ಬಿಸಿದವನು ಮೇಸ್ತ್ರಿಯಲ್ಲ, ಕಾರ್ಲೊ ಕರಾತ್ಸಿ ಎಂಬ ದರ್ಜಿ! ಗಾಥಿಕ್ ಕಾಲ ಮುಗಿದು ಎಷ್ಟೋ ವರ್ಷವಾಗಿತ್ತು. ಹಳೆಯ ರೇಖಾಗಣಿತದ ಮೇಲಿನ ನಂಬಿಕೆ ಬೀದಿಯಲ್ಲಿ ಇನ್ನೂ ಬದುಕಿತ್ತು.

ಅರಮನೆ ಎಂದರೆ ಇಲ್ಲಿ ರಾಜನ ಮನೆಯಲ್ಲ

ಇಟಲಿಯ ಊರುಗಳಲ್ಲಿ ಪಲಾತ್ಸೊ ಎಂದರೆ ಒಂದೋ ನಗರ ಸರ್ಕಾರದ ಕಟ್ಟಡ, ಇಲ್ಲವೇ ದುಡ್ಡಿದ್ದವರ ಮನೆ. ಮೊದಲನೆಯದನ್ನು ನೋಡುವ ಮುಂಚೆ ಒಂದು ಹಿನ್ನೆಲೆ ಬೇಕು. ಫ್ಲಾರೆನ್ಸಿನಲ್ಲಿ ದೊಡ್ಡ ಮನೆತನಗಳು ಒಬ್ಬರ ಮೇಲೊಬ್ಬರು ಕಲ್ಲೆಸೆಯಲು ತಮ್ಮ ತಮ್ಮ ಬೀದಿಯಲ್ಲಿ ಗೋಪುರ ಕಟ್ಟಿಕೊಂಡಿದ್ದವು. 1250ರಲ್ಲಿ ಜನರ ಪಕ್ಷ ಅಧಿಕಾರಕ್ಕೆ ಬಂದಾಗ ಖಾಸಗಿ ಗೋಪುರಗಳ ಎತ್ತರವನ್ನು 50 ಬ್ರಾಚ್ಚೊಗೆ, ಸುಮಾರು 29 ಮೀಟರಿಗೆ, ಕತ್ತರಿಸಲು ಆಜ್ಞೆ ಮಾಡಿತು.

1299ರಲ್ಲಿ ಶುರುವಾದ ಪಲಾತ್ಸೊ ವೆಕ್ಯೊ ಈ ಜಗಳದ ಮುಂದಿನ ಅಧ್ಯಾಯ. ಅದರ ಗೋಪುರ ಸುಮಾರು 94 ಮೀಟರ್. ಎಲ್ಲರ ಗೋಪುರ ಮೊಟಕು ಮಾಡಿ ತನ್ನದನ್ನು ಏರಿಸಿಕೊಂಡ ಸರ್ಕಾರ. ಜಾಗದಲ್ಲೂ ರಾಜಕೀಯವಿದೆ. ಸೋತ ಪಕ್ಷದ ಉಬೆರ್ತಿ ಮನೆತನದ ಮನೆಗಳನ್ನು ಕೆಡವಿದ್ದ ನೆಲ ಪಕ್ಕದಲ್ಲೇ ಇತ್ತು. ಅಲ್ಲಿ ಮತ್ತೆ ಮನೆ ಏಳಬಾರದೆಂದು ಅದನ್ನು ಚೌಕವಾಗಿ ಬಿಟ್ಟರು, ಕಟ್ಟಡ ಅದರಿಂದಲೇ ಸೊಟ್ಟಗಾಯಿತು ಎನ್ನುತ್ತಾರೆ. ಗೋಪುರ ನಡುವಿನಿಂದ ಸರಿದು ನಿಂತಿರುವುದಕ್ಕೆ ಕಾರಣ, ಫೊರಬೊಸ್ಕಿ ಮನೆತನದ ಹಳೆಯ ಗೋಪುರವನ್ನೇ ಬುಡವಾಗಿ ಬಳಸಿಕೊಂಡದ್ದು. ಒರಟು ಕಲ್ಲು, ಮೇಲೆ ಹೋದಷ್ಟೂ ಕಿಟಕಿ, ತುದಿಯಲ್ಲಿ ಹೊರಚಾಚಿದ ಕೋಟೆಯಂಥ ಸಾಲು. ಇದು ಸುಮ್ನೆ ತೋರಿಕೆಗಲ್ಲ. ಆಡಳಿತ ನಡೆಸುವ ಪ್ರತಿನಿಧಿಗಳು ಎರಡು ತಿಂಗಳ ಅವಧಿಗೆ ಆರಿಸಿ ಬರುತ್ತಿದ್ದರು, ಅಷ್ಟೂ ದಿನ ಒಳಗೇ ವಾಸ. ಹೊರಗೆ ದಂಗೆಯಾದರೆ ಬಾಗಿಲು ಗಟ್ಟಿ ಇರಬೇಕಿತ್ತು.

ಖಾಸಗಿ ಮನೆ ಹೇಗಿತ್ತು ಎಂದು ನೋಡಲು ಅದೇ ಊರಿನ ಪಲಾತ್ಸೊ ದಾವಾನ್ಸಾತಿ ಇದೆ, 14ನೇ ಶತಮಾನದ್ದು. ಬೀದಿಯ ಮಟ್ಟದಲ್ಲಿ ವ್ಯಾಪಾರದ ಜಾಗ, ಮೇಲೆ ವಾಸ, ಎಲ್ಲಕ್ಕಿಂತ ಮೇಲೆ ಅಡುಗೆಮನೆ. ಹೊಗೆ, ವಾಸನೆ, ಬೆಂಕಿಯ ಭಯ ಮೂರೂ ಕೆಳಗಿನ ಕೋಣೆಗಳಿಗೆ ತಟ್ಟದಿರಲಿ ಎಂದು. ಬಾವಿಯ ನೀರು ಮಾತ್ರ ಪ್ರತಿ ಅಂತಸ್ತಿಗೂ ಸೇದಿಕೊಳ್ಳುವಂತಿದೆ.

ಸಿಯೆನಾದವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂಬತ್ತು ಜನರ ಸರ್ಕಾರವಿದ್ದ ಕಾಲದಲ್ಲಿ, 1297ರ ನಿಯಮದ ಪ್ರಕಾರ, ಕಾಂಪೊ ಎಂಬ ಊರ ಚೌಕಕ್ಕೆ ಮುಖ ಮಾಡಿದ ಮನೆಗಳ ಕಿಟಕಿಗಳು ಸಣ್ಣ ಕಂಬಗಳಿರುವ ಕಿಟಕಿಗಳೇ ಆಗಿರಬೇಕು, ಹೊರಚಾಚಿದ ಮರದ ಬಾಲ್ಕನಿ ಇರಕೂಡದು. ಪಕ್ಕದಲ್ಲೇ ಏಳುತ್ತಿದ್ದ ಸರ್ಕಾರಿ ಕಟ್ಟಡ ಪಲಾತ್ಸೊ ಪುಬ್ಲಿಕೊದ ಕಿಟಕಿಗಳಿಗೆ ಇವು ಹೊಂದಬೇಕಿತ್ತು. ಆ ಕಟ್ಟಡದ ಗೋಡೆ ಕೋಟೆಯಂತೆ ಒರಟಲ್ಲ, ನಯವಾದ ಕೆಂಪಿಟ್ಟಿಗೆ, ಸಾಲು ಸಾಲು ಕಿಟಕಿ. ಒಳಗೆ 1338-39ರಲ್ಲಿ ಅಂಬ್ರೋಜೊ ಲೊರೆಂತ್ಸೆತ್ತಿ ಒಳ್ಳೆಯ ಆಡಳಿತ, ಕೆಟ್ಟ ಆಡಳಿತಗಳ ಫಲ ಏನೆಂದು ಗೋಡೆ ತುಂಬ ಬರೆದ. ಒಳ್ಳೆಯ ಆಡಳಿತದ ಊರಿನಲ್ಲಿ ಕೆಲಸಗಾರರು ಹೊಸ ಮನೆ ಕಟ್ಟುತ್ತಿದ್ದಾರೆ. ಕೆಟ್ಟ ಆಡಳಿತದ ಊರಿನಲ್ಲಿ ಕಟ್ಟಡಗಳು ಪಾಳುಬಿದ್ದಿವೆ.

ವೆನಿಸ್: ಗೋಡೆ ಮೇಲೆ, ಜಾಲರಿ ಕೆಳಗೆ

ವೆನಿಸ್‌ಗೆ ಬಂದರೆ ಎಲ್ಲ ಲೆಕ್ಕವೂ ತಲೆಕೆಳಗು. ಅಲ್ಲಿ ನೆಲವೆಂದರೆ ಕೆಸರು. ಅದರಲ್ಲಿ ಮರದ ಗೂಟಗಳನ್ನು ಒತ್ತೊತ್ತಾಗಿ ಹೊಡೆದು, ಮೇಲೆ ಹಲಗೆ ಹಾಸಿ, ಉಪ್ಪುನೀರಿಗೆ ಜಗ್ಗದ, ಇಸ್ತ್ರಿಯಾ ಎಂಬ ಪ್ರದೇಶದ ಕಲ್ಲು ಇಟ್ಟು ಕಟ್ಟಬೇಕು. ಕಟ್ಟಡ ಕುಗ್ಗುತ್ತದೆ, ಅದೂ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಕಲ್ಲಿನ ಭಾರದ ಚಾವಣಿ ಅಂಥ ಕಡೆ ಬಿರುಕು ಬಿಡುತ್ತದೆ. ಹಾಗಾಗಿ ಹಗುರ ಇಟ್ಟಿಗೆ ಗೋಡೆ, ಮರದ ಅಂತಸ್ತು. ಫ್ರಾರಿ ಚರ್ಚಿನಂಥ ಕಡೆ ಕಮಾನು ಚಾವಣಿ ಇದ್ದರೂ ಕಂಬದಿಂದ ಕಂಬಕ್ಕೆ ದಪ್ಪ ಮರದ ತೊಲೆಗಳು ಬಿಗಿದಿವೆ.

ಕೋಟೆಯ ಅಗತ್ಯವೂ ಇರಲಿಲ್ಲ. ಸುತ್ತಲಿನ ನೀರೇ ಕಾವಲು. ಫ್ಲಾರೆನ್ಸಿನ ಮನೆ ಬೀದಿಗೆ ಮುಖ ಮುಚ್ಚಿಕೊಂಡರೆ ವೆನಿಸ್ಸಿನ ಮನೆ ಕಾಲುವೆಗೆ ಮುಖ ತೆರೆಯಿತು. ನಕ್ಷೆ ಬಹಳ ಸರಳ. ಕೆಳಗೆ ದೋಣಿಯಿಂದ ಸರಕು ಇಳಿಸುವ ಜಾಗ. ಮೇಲೆ, ಮುಂಭಾಗದಿಂದ ಹಿಂಭಾಗದವರೆಗೆ ಹಾಯುವ ಒಂದು ಉದ್ದ ಹಜಾರ, ಅದರ ಎರಡೂ ಕಡೆ ಕೋಣೆಗಳು. ಅಕ್ಕಪಕ್ಕ ಮನೆಗಳು ಅಂಟಿಕೊಂಡಿರುವುದರಿಂದ ಹಜಾರಕ್ಕೆ ಬೆಳಕು ಬರುವುದು ಎರಡು ತುದಿಯಿಂದ ಮಾತ್ರ. ಅದಕ್ಕೇ ವೆನಿಸ್ಸಿನ ಮನೆಯ ಮುಂಭಾಗದ ನಡುವೆ ಕಿಟಕಿಗಳು ಒತ್ತಾಗಿ ಗುಂಪುಗೂಡಿವೆ. ಆ ಚೂಪು ಕಮಾನುಗಳ ಸಾಲು ಕಂಡರೆ ಅದರ ಹಿಂದೆಯೇ ಹಜಾರ ಎಂದು ತಿಳಿಯಿರಿ. ಮರೀನ್ ಕೊಂತಾರಿನಿ ಎಂಬ ಶ್ರೀಮಂತ 1420ರ ದಶಕದಲ್ಲಿ ಕಟ್ಟಿಸಲು ಶುರು ಮಾಡಿದ ಕಾ ದೋರೊ ಇದರ ಅತಿ ಚೆಂದದ ಉದಾಹರಣೆ. ಮುಂಭಾಗಕ್ಕೆ ಬಂಗಾರದ ರೇಕು, ದುಬಾರಿ ನೀಲಿ ಬಣ್ಣ ಹಚ್ಚಿಸಿದ್ದ. ಬಂಗಾರದ ಮನೆ ಎಂಬ ಹೆಸರು ಅದರಿಂದಲೇ ಬಂತು. ಬಣ್ಣ ಈಗ ಉಳಿದಿಲ್ಲ.

ದೋಜೆ ಎಂದರೆ ವೆನಿಸ್ಸಿನ ಚುನಾಯಿತ ಮುಖ್ಯಸ್ಥ. ಅವನ ಅರಮನೆ ಈ ಶೈಲಿಯ ದೊಡ್ಡಣ್ಣ. 1340ರಲ್ಲಿ ಮಹಾಸಭೆಗೆ ಹೊಸ ಸಭಾಂಗಣ ಬೇಕೆಂದು ತೀರ್ಮಾನವಾಯಿತು. ವೆನಿಸ್ಸಿನ ಕುಲೀನ ಗಂಡಸರೆಲ್ಲ ಸದಸ್ಯರಾಗಿದ್ದ ಸಭೆ ಅದು. ಒಂದೇ ಒಂದು ಕಂಬವಿಲ್ಲದೆ ಸುಮಾರು 53 ಮೀಟರ್ ಉದ್ದ, 25 ಮೀಟರ್ ಅಗಲದ ಕೋಣೆ. ಅದನ್ನು ಮೇಲಂತಸ್ತಿನಲ್ಲಿ ಇಟ್ಟರು. ಕೆಳಗೆ ಎರಡು ಅಂತಸ್ತು ತೆರೆದ ಕಮಾನುಗಳ ಸಾಲು, ಮೇಲೆ ಕೆಂಪು ಬಿಳಿ ಚಿತ್ತಾರದ ಗಟ್ಟಿ ಗೋಡೆ. ಹಗುರವಾದದ್ದು ಕೆಳಗೆ, ಭಾರವಾದದ್ದು ಮೇಲೆ! ನೋಡಿದವರಿಗೆ ಎದೆ ಝಲ್ಲೆನ್ನಬೇಕು, ಆದರೆ ಹಾಗಾಗುವುದಿಲ್ಲ. ಗುಟ್ಟು ಎರಡನೇ ಸಾಲಿನ ಕಲ್ಲಿನ ಜಾಲರಿಯಲ್ಲಿದೆ. ಉತ್ತರದ ಗಾಥಿಕ್‌ನಲ್ಲಿ ಕಿಟಕಿಯ ಜಾಲರಿ ಗಾಜನ್ನು ಹಿಡಿಯುತ್ತದೆ, ಅಷ್ಟೇ. ಇಲ್ಲಿ ಗಾಜೇ ಇಲ್ಲ. ಕಮಾನುಗಳ ನಡುವಿನ ನಾಲ್ಕೆಸಳಿನ ವೃತ್ತಗಳು ದಪ್ಪ ಕಲ್ಲಿನವು. ಮೇಲಿನ ಗೋಡೆಯ ಭಾರವನ್ನು ಹೊರುತ್ತಿರುವುದು ಅವೇ. ಮೇಲಿನ ಸಾಲಿನಲ್ಲಿ ಕಂಬಗಳ ಸಂಖ್ಯೆ ಕೆಳಗಿನ ಸಾಲಿನ ಎರಡರಷ್ಟು.

ಇದನ್ನು ಕಟ್ಟಿದವನು ಫಿಲಿಪ್ಪೊ ಕಲೆಂದಾರಿಯೊ ಎಂದು ಬಹುಕಾಲದಿಂದ ಹೇಳುತ್ತಾರೆ. ಕಲ್ಲಿನ ಮೇಸ್ತ್ರಿ, ಹಡಗಿನ ಮಾಲೀಕ. 1355ರಲ್ಲಿ ದೋಜೆ ಮರೀನ್ ಫಲಿಯೇರ್ ಸರ್ವಾಧಿಕಾರಿಯಾಗಲು ನಡೆಸಿದ ಸಂಚಿನಲ್ಲಿ ಸಿಕ್ಕಿಬಿದ್ದ. ದೋಜೆಯ ತಲೆ ಕತ್ತರಿಸಿದರು, ಕಲೆಂದಾರಿಯೊನನ್ನು ನೇಣಿಗೆ ಹಾಕಿದರು. ಕೆಲಸ ಬೇರೆಯವರ ಕೈಯಲ್ಲಿ ಮುಂದುವರಿಯಿತು. 1424ರಿಂದ ಅರಮನೆ ಪಕ್ಕದ ಚಿಕ್ಕ ಚೌಕದ ಕಡೆಯ ಭಾಗವನ್ನೂ ಅದೇ ರೂಪದಲ್ಲಿ ಬೆಳೆಸಿದರು. 1438ರಲ್ಲಿ ತಂದೆ ಮಗ ಜೊವಾನ್ನಿ ಮತ್ತು ಬಾರ್ತೊಲೊಮಿಯೊ ಬೊನ್ ಮುಖ್ಯ ಬಾಗಿಲಿನ ಕೆಲಸ ಹಿಡಿದರು. ಆ ಹೊತ್ತಿಗೆ ಫ್ಲಾರೆನ್ಸಿನ ಕಥೀಡ್ರಲ್ ಮೇಲೆ ವಾಸ್ತುಶಿಲ್ಪಿ ಬ್ರುನೆಲೆಸ್ಕಿಯ ಗುಮ್ಮಟ ಎದ್ದು ಎರಡು ವರ್ಷವಾಗಿತ್ತು. ಅಲ್ಲಿ ಗಾಥಿಕ್ ಹಳೆಯ ಮಾತಾಗಿತ್ತು. ವೆನಿಸ್‌ಗೆ ಅವಸರವಿರಲಿಲ್ಲ.

1577ರ ಬೆಂಕಿಯಲ್ಲಿ ಮಹಾಸಭೆಯ ಕೋಣೆ ಸುಟ್ಟುಹೋಯಿತು. ಹೇಗೆ ಕಟ್ಟಬೇಕೆಂದು ಊರು ತಜ್ಞರ ಅಭಿಪ್ರಾಯ ಕೇಳಿತು. ವಾಸ್ತುಶಿಲ್ಪಿ ಪಲ್ಲಾದಿಯೊ ರೋಮನ್ ಮಾದರಿಯ ಹೊಸ ಮುಖ ಬೇಕೆಂದ. ಆದರೆ ಹೊರಗೋಡೆಗಳು ಇನ್ನೂ ನಿಂತಿದ್ದವು. ಅಂತೋನಿಯೊ ದಾ ಪೊಂತೆ ಅವನ್ನೇ ಭದ್ರಪಡಿಸಿ ಹಳೆಯ ರೂಪವನ್ನು ಉಳಿಸಿದ. ಕಂಬದ ತಲೆಗಳ ಕೆತ್ತನೆ ಮಾತ್ರ ಕಾಲಕ್ಕೆ ಸವೆದಿತ್ತು. 1876ರಲ್ಲಿ ಶುರುವಾದ ದುರಸ್ತಿಯಲ್ಲಿ ಅಂಥ 42ನ್ನು ಇಳಿಸಿ ನಕಲು ಕೂರಿಸಿದರು. ಮೂಲದವು ಅರಮನೆಯ ನೆಲ ಅಂತಸ್ತಿನ ಮ್ಯೂಸಿಯಂನಲ್ಲಿವೆ. ಅಲ್ಲಿ ಅವುಗಳನ್ನು ಕಣ್ಣೆತ್ತರದಲ್ಲೇ ನೋಡಬಹುದು. ಚೌಕದಲ್ಲಿ ಕತ್ತು ನೋಯಿಸಿಕೊಳ್ಳುವುದಕ್ಕಿಂತ ಅದು ವಾಸಿ.